ಅಗ್ಗದ ಹಳೇ ಸರ್ವರ್ ಮನೆಗೆ ತರಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿನವು. ಕಂಪನಿಗಳು ಬಳಸಿ ಬಿಟ್ಟ ಸರ್ವರ್, ಅದರ ಬಿಡಿಭಾಗ, ಹಳೇ ಡಿಸ್ಕ್ ಇವನ್ನು ಕೊಂಡು ಮನೆಯ ಫೈಲ್‌ಗಳನ್ನೆಲ್ಲ ಒಂದು ಕಡೆ ಇಡುವುದು ಹೇಗೆ ಅಂತ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಡೆಲ್ ಆರ್710 ರ‍್ಯಾಕ್ ಸರ್ವರ್ ಹೆಚ್ಚುಕಮ್ಮಿ ಗುಜರಿ ಬೆಲೆಗೆ ಸಿಗುತ್ತಿದೆ. ಎರಡು ಝಿಯಾನ್ ಪ್ರೊಸೆಸರ್, 64 ಜಿಬಿ ರ‍್ಯಾಮ್, ಎಂಟು ಡಿಸ್ಕ್ ಬೇ (ಡಿಸ್ಕ್ ಕೂರಿಸುವ ಗೂಡು). ನಮ್ಮದು ಫೋಟೊ, ವಿಡಿಯೊ ಎಲ್ಲಾ ಸೇರಿ 6 ಟಿಬಿ. ತಗೊಳ್ಳಲಾ?

ಉತ್ತರ: ಬೇಡ. ಇಷ್ಟು ಹೇಳಿ ಮುಂದಕ್ಕೆ ಹೋಗಬಹುದಿತ್ತು, ಆದರೆ ಕಾರಣ ಗೊತ್ತಿಲ್ಲದಿದ್ದರೆ ನಾಳೆ ಇಂಥದ್ದೇ ಇನ್ನೊಂದು ಕಂಡಾಗ ಮತ್ತೆ ಮನಸ್ಸು ಜಾರುತ್ತದೆ.

ಮೊದಲು ಕರೆಂಟು. ಆರ್710 ಬಂದಿದ್ದು 2009ರಲ್ಲಿ. ಆ ಕಾಲದ ಎರಡು ಝಿಯಾನ್, ಸಾಲು ಸಾಲು ರ‍್ಯಾಮ್ ಕಡ್ಡಿಗಳು, ಫ್ಯಾನ್‌ಗಳು, ಎರಡೆರಡು ಪವರ್ ಸಪ್ಲೈ ಇವೆಲ್ಲ ಸೇರಿದರೆ ಯಾರೂ ಒಂದು ಫೈಲನ್ನೂ ಮುಟ್ಟದೆ ಸುಮ್ನೆ ಕೂತಿದ್ದಾಗಲೂ 100 ವಾಟ್ ದಾಟುತ್ತದೆ. ಒಂದು ಹಳೇ ಬಲ್ಬಿನಷ್ಟು ತಾನೇ ಅನಿಸಬಹುದು. ಆದರೆ ಸ್ಟೋರೇಜ್ ಯಂತ್ರ ಹಗಲು ರಾತ್ರಿ ಆನ್ ಇರುತ್ತದೆ, ಅಲ್ವಾ? ದಿನಕ್ಕೆ 2.4 ಯೂನಿಟ್, ವರ್ಷಕ್ಕೆ 876 ಯೂನಿಟ್. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ, ಮೂರು ವರ್ಷಕ್ಕೆ ಲೆಕ್ಕ ಹಾಕಿ, ಮಾರುವವರು ಹೇಳಿದ ಬೆಲೆಯ ಪಕ್ಕದಲ್ಲಿ ಬರೆದು ನೋಡಿ. ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ ಅನ್ನುತ್ತಾರಲ್ಲ, ಇದು ಅದೇ ಕಥೆ. ಕಂಪನಿಯವರು ಅದನ್ನು ಹೊರಗೆ ಹಾಕಿದ್ದಕ್ಕೂ ಇದೊಂದು ಕಾರಣ.

ಆಮೇಲೆ ಸದ್ದು. ರ‍್ಯಾಕ್ ಸರ್ವರ್‌ಗಳನ್ನು ಮನುಷ್ಯರು ಕೂರದ ಕೋಣೆಗೆಂದು ಮಾಡಿರುತ್ತಾರೆ. 1ಯು, ಅಂದರೆ ಸುಮಾರು 4.4 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 40 ಮಿಲಿಮೀಟರ್‌ನ ಪುಟ್ಟ ಫ್ಯಾನ್‌ಗಳು ನಿಮಿಷಕ್ಕೆ 10,000 ಸುತ್ತು ದಾಟಿ ತಿರುಗುತ್ತವೆ. ಆರ್710 ಥರದ 2ಯು ಪೆಟ್ಟಿಗೆಯಲ್ಲಿ ಫ್ಯಾನ್ ಸ್ವಲ್ಪ ದೊಡ್ಡದು, ಕೂಗಾಟವೂ ಸ್ವಲ್ಪ ಕಮ್ಮಿ. ಆದರೂ ಪಕ್ಕದ ಕೋಣೆಗೆ ಕೇಳಿಸುತ್ತದೆ. ಕೆಲವು ಎಚ್‌ಪಿ ಸರ್ವರ್‌ಗಳಲ್ಲಿ ಇನ್ನೊಂದು ರಗಳೆ ಇದೆ: ತನಗೆ ಪರಿಚಯವಿಲ್ಲದ ಕಂಪನಿಯ ಕಾರ್ಡ್ ಹಾಕಿದರೆ ಅದರ ಬಿಸಿ ಎಷ್ಟಂತ ಯಂತ್ರಕ್ಕೆ ತಿಳಿಯುವುದಿಲ್ಲ, ಹಾಗಾಗಿ ಎಲ್ಲಕ್ಕೂ ಇರಲಿ ಅಂತ ಫ್ಯಾನ್‌ಗಳನ್ನು ಜೋರಾಗಿ ಓಡಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇಗಳದ್ದು. ಎಂಟು ಡಿಸ್ಕ್ ಅಂದಿದ್ದೀರಿ. ಆರ್710ರಲ್ಲಿ ಎಂಟು ಬೇ ಇದ್ದರೆ ಅದು 2.5 ಇಂಚಿನ ಮಾದರಿ, 3.5 ಇಂಚಿನದರಲ್ಲಿ ಆರೇ ಇರುತ್ತವೆ. ಸರ್ವರ್‌ಗೆಂದೇ ಮಾಡಿದ 2.5 ಇಂಚಿನ ತಿರುಗುವ ಡಿಸ್ಕ್‌ಗಳು 2.4 ಟಿಬಿಗೆ ನಿಂತುಬಿಟ್ಟಿವೆ. 3.5 ಇಂಚಿನವು 20 ಟಿಬಿ ದಾಟಿವೆ. ಅಂದರೆ ಎಂಟು ಸಣ್ಣ ಡಿಸ್ಕ್‌ಗಳಿಗೆ ಕರೆಂಟು ಕೊಟ್ಟು ಮಾಡುವ ಕೆಲಸವನ್ನು ಎರಡೇ ದೊಡ್ಡ ಡಿಸ್ಕ್ ಮಾಡುತ್ತವೆ. ಹಳೇ ಸರ್ವರ್‌ನ ಜಾಹೀರಾತು ನೋಡುವಾಗ ಮೊದಲು ಕೇಳಬೇಕಾದದ್ದು ಬೇ 3.5 ಇಂಚಿನದ್ದಾ ಅಂತ. ಪ್ರೊಸೆಸರ್ ಯಾವುದು ಅನ್ನುವುದು ಕೊನೆಯ ಪ್ರಶ್ನೆ.

ಯಾಕೆಂದರೆ ಫೈಲ್ ಹಂಚುವ ಕೆಲಸಕ್ಕೆ ಪ್ರೊಸೆಸರ್ ಹೆಚ್ಚೇನೂ ಬೇಕಿಲ್ಲ. ಮನೆಯ ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಮೆಗಾಬೈಟ್ ಆಸುಪಾಸು ಹೋಗುತ್ತದೆ. ಒಂದೇ ಒಂದು ಹೊಸ ಡಿಸ್ಕ್ ಅದಕ್ಕಿಂತ ಜಾಸ್ತಿ ಓದಿ ಕೊಡುತ್ತದೆ. ಎರಡು ಕೋರ್‌ನ ಸಾಧಾರಣ ಪ್ರೊಸೆಸರ್ ಇದನ್ನು ಆರಾಮಾಗಿ ನಿಭಾಯಿಸುತ್ತದೆ. ಉಳಿದ ಕೋರ್‌ಗಳೆಲ್ಲ ಕೋಣೆ ಬಿಸಿ ಮಾಡುತ್ತಾ ಕೂರುತ್ತವೆ.

ಪ್ರಶ್ನೆ: ಹಾಗಾದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಏನು ಹುಡುಕಬೇಕು?

ಉತ್ತರ: ಒಂದೇ ಪ್ರೊಸೆಸರ್‌ನ ಸಣ್ಣ ಟವರ್ ಸರ್ವರ್. ಡೆಲ್ ಟಿ20, ಟಿ30, ಲೆನೊವೊ ಟಿಎಸ್140 ಈ ಜಾತಿಯವು. ನೋಡಲು ಸಾದಾ ಆಫೀಸ್ ಕಂಪ್ಯೂಟರ್ ಥರ ಇರುತ್ತವೆ, ಆದರೆ ಒಳಗೆ ಸರ್ವರ್ ಚಿಪ್‌ಸೆಟ್, ಇಸಿಸಿ (ತನ್ನೊಳಗಿನ ತಪ್ಪನ್ನು ತಾನೇ ಸರಿಪಡಿಸುವ) ರ‍್ಯಾಮ್, 3.5 ಇಂಚಿನ ಡಿಸ್ಕ್‌ಗಳಿಗೆ ಜಾಗ. ಡಿಸ್ಕ್ ಬಿಟ್ಟು ಉಳಿದದ್ದು ಸುಮ್ನೆ ಕೂತಾಗ 20-30 ವಾಟ್ ಎಳೆಯುತ್ತದೆ. ಒಂದೊಂದು 3.5 ಇಂಚಿನ ಡಿಸ್ಕ್ ತಿರುಗುತ್ತಿರುವಾಗ 5ರಿಂದ 8 ವಾಟ್ ಸೇರಿಸಿಕೊಳ್ಳಿ.

ಎಚ್‌ಪಿಯ ಮೈಕ್ರೋಸರ್ವರ್ ಜೆನ್8 ಕೂಡ ಒಳ್ಳೆಯ ಪೆಟ್ಟಿಗೆ. ನಾಲ್ಕು ಬೇ, ಪುಟ್ಟದು, ಸದ್ದು ಕಮ್ಮಿ. ರ‍್ಯಾಮ್ 16 ಜಿಬಿಗಿಂತ ಜಾಸ್ತಿ ಹಾಕಲಾಗದು. ಅದರ ನಾಲ್ಕು ಬೇಗಳಲ್ಲಿ ಎರಡಕ್ಕೆ ಮಾತ್ರ 6 ಗಿಗಾಬಿಟ್ ವೇಗ, ಇನ್ನೆರಡಕ್ಕೆ 3 ಗಿಗಾಬಿಟ್ ಅಂತ ಕೆಲವರು ಮೂಗು ಮುರಿಯುತ್ತಾರೆ. ತಿರುಗುವ ಡಿಸ್ಕ್‌ಗೆ ಇದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ, 3 ಗಿಗಾಬಿಟ್ ಅಂದರೂ ಸೆಕೆಂಡಿಗೆ ಸುಮಾರು 300 ಮೆಗಾಬೈಟ್.

ಇದ್ಯಾವುದೂ ಸಿಗದಿದ್ದರೆ ಆಫೀಸ್‌ನವರು ಮಾರಿದ ಒಳ್ಳೆಯ ಡೆಸ್ಕ್‌ಟಾಪ್ ಸಾಕು. ತೀರಾ ಸಪೂರ ಪೆಟ್ಟಿಗೆ ಬೇಡ, ಡಿಸ್ಕ್ ಹಿಡಿಸುವುದಿಲ್ಲ. ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ಒಳಗಿನ ಒಂದು ಫೋಟೊ ಕೇಳಿ. ಸಾಟಾ (ಡಿಸ್ಕ್ ಜೋಡಿಸುವ) ಪೋರ್ಟ್ ಎಷ್ಟು, 3.5 ಇಂಚಿನ ಜಾಗ ಎಷ್ಟು, ಪವರ್ ಸಪ್ಲೈಯಿಂದ ಮದರ್‌ಬೋರ್ಡ್‌ಗೆ ಹೋಗುವ ಪ್ಲಗ್ 24 ಪಿನ್‌ನದ್ದಾ. ದೊಡ್ಡ ಬ್ರಾಂಡ್‌ಗಳ ಡೆಸ್ಕ್‌ಟಾಪ್‌ಗಳಲ್ಲಿ ಈ ಪ್ಲಗ್ ಎಷ್ಟೋ ಸಲ ತಮ್ಮದೇ ಆಕಾರದ್ದು. ಆ ಪವರ್ ಸಪ್ಲೈ ಸುಟ್ಟರೆ ಅಂಗಡಿಯ ಸಾದಾ ಸಪ್ಲೈ ಕೂರುವುದಿಲ್ಲ. ಇನ್ನೊಂದು: ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದೊಂದೂ 20-25 ವಾಟ್ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 100 ವಾಟ್ ಹತ್ತಿರ ಬೇಕು, ಇದನ್ನು ಲೆಕ್ಕದಲ್ಲಿಡಿ.

ಬೇ ಇರುವ ಸರ್ವರ್ ಆದರೆ ಡಿಸ್ಕ್ ಕೂರಿಸುವ ಕ್ಯಾಡಿಗಳೂ ಜೊತೆಗೆ ಬರುತ್ತವಾ ಅಂತ ಕೇಳಿ. ಡೇಟಾ ಕದಿಯಬಾರದು ಅಂತ ಕಂಪನಿಗಳು ಡಿಸ್ಕ್ ಕಿತ್ತುಕೊಳ್ಳುವಾಗ ಕ್ಯಾಡಿಯನ್ನೂ ಸೇರಿಸಿ ಕಿತ್ತಿರುತ್ತಾರೆ. ಆಮೇಲೆ ಎಂಟು ಕ್ಯಾಡಿ ಹುಡುಕುತ್ತಾ ಅಲೆಯಬೇಕಾಗುತ್ತದೆ. ಒಂದು ತಲೆಮಾರಿನದ್ದು ಇನ್ನೊಂದಕ್ಕೆ ಹೊಂದದಿರುವುದೂ ಉಂಟು.

ಪ್ರಶ್ನೆ: ಕೊಂಡ ಸರ್ವರ್‌ನಲ್ಲಿ ಪರ್ಕ್ ಎಚ್700 ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವುದು) ಇದೆ. ಟ್ರೂನಾಸ್ (ಸ್ಟೋರೇಜ್ ಯಂತ್ರದ ಆಪರೇಟಿಂಗ್ ಸಿಸ್ಟಂ) ಹಾಕಿ ಝೆಡ್‌ಎಫ್‌ಎಸ್ (ಡಿಸ್ಕ್‌ಗಳನ್ನು ತಾನೇ ಸೇರಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಂ) ಬಳಸಬೇಕು ಅಂತಿದ್ದೇನೆ. ಒಂದೊಂದು ಡಿಸ್ಕ್‌ಗೂ ಒಂದೊಂದು ರೇಡ್-0 (ಒಂದೇ ಡಿಸ್ಕ್‌ನ ಗುಂಪು) ಮಾಡಿದರೆ ನಡೆಯುತ್ತಾ?

ಉತ್ತರ: ನಡೆಯುತ್ತದೆ, ಆದರೆ ಕೆಟ್ಟಾಗ ಗೋಳು ನಿಮ್ಮದು. ಝೆಡ್‌ಎಫ್‌ಎಸ್ ಡಿಸ್ಕ್‌ನ ಜೊತೆ ನೇರವಾಗಿ ಮಾತಾಡಬೇಕು. ಮಧ್ಯೆ ರೇಡ್ ಕಾರ್ಡ್ ಕೂತರೆ ಡಿಸ್ಕ್‌ನ ಆರೋಗ್ಯದ ಮಾಹಿತಿ ಸರಿಯಾಗಿ ಮೇಲೆ ಬರುವುದಿಲ್ಲ, ಬರೆದದ್ದು ನಿಜಕ್ಕೂ ಡಿಸ್ಕ್‌ಗೆ ಇಳಿಯಿತಾ ಕಾರ್ಡ್‌ನ ಕ್ಯಾಶ್‌ನಲ್ಲೇ ಕೂತಿದೆಯಾ ಅನ್ನುವುದೂ ಖಚಿತವಿಲ್ಲ, ಕಾರ್ಡ್ ಸತ್ತರೆ ಅದೇ ಥರದ ಕಾರ್ಡ್ ಹುಡುಕಬೇಕು. ಎಚ್700ಗೆ ಡಿಸ್ಕನ್ನು ಹಾಗೇ ದಾಟಿಸಿ ಕೊಡುವ ಅಭ್ಯಾಸವೇ ಇಲ್ಲ.

ಅದನ್ನು ತೆಗೆದು ಎಚ್‌ಬಿಎ, ಅಂದರೆ ಡಿಸ್ಕನ್ನು ಹಾಗೇ ದಾಟಿಸಿ ಕೊಡುವ ಕಾರ್ಡ್ ಹಾಕಿ. ಎಲ್‌ಎಸ್‌ಐ 9211-8ಐ, ಅದಕ್ಕಿಂತ ಹೊಸದಾದ 9207-8ಐ, 9300-8ಐ ಇವು ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಹಳೇ ಸರ್ವರ್ ಪೇಟೆಯಲ್ಲಿ ಕಣ್ಣುಮುಚ್ಚಿ ಕೊಳ್ಳಿ ಅನ್ನಬಹುದಾದ ವಸ್ತು ಇದ್ದರೆ ಇದೇ. ಡೆಲ್ ಎಚ್310, ಐಬಿಎಂ ಎಂ1015 ಕಾರ್ಡ್‌ಗಳಲ್ಲೂ 9211ರ ಚಿಪ್ಪೇ ಇರುತ್ತದೆ, ಫರ್ಮ್‌ವೇರ್ (ಕಾರ್ಡ್‌ನೊಳಗಿನ ಸಾಫ್ಟ್‌ವೇರ್) ಬದಲಿಸಿದರೆ ಅದೇ ಆಗುತ್ತವೆ. ಮಾರುವವರನ್ನು ಐಟಿ ಮೋಡ್ (ರೇಡ್ ಇಲ್ಲದ) ಫರ್ಮ್‌ವೇರ್ ಹಾಕಿದ್ದೀರಾ ಅಂತ ಕೇಳಿ. ಐಆರ್ ಮೋಡ್ ಅಂದರೆ ರೇಡ್ ಇರುವುದು, ನಿಮಗೆ ಬೇಡವಾದದ್ದು. 1068ಇ ಚಿಪ್ ಇರುವ ತೀರಾ ಹಳೇ ಕಾರ್ಡ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಅದಕ್ಕೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಕಾಣುವುದಿಲ್ಲ.

ಈ ಕಾರ್ಡ್‌ಗಳ ಬಗ್ಗೆ ಎರಡು ಮಾತು. ಇವು ಸರ್ವರ್‌ನ ಜೋರು ಗಾಳಿಯಲ್ಲಿ ಬದುಕಿದವು, ಮನೆಯ ಸದ್ದಿಲ್ಲದ ಪೆಟ್ಟಿಗೆಯಲ್ಲಿ ಅದರ ಮೇಲಿನ ಸಣ್ಣ ಅಲ್ಯೂಮಿನಿಯಂ ತುಂಡು ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಒಂದು ಸಣ್ಣ ಫ್ಯಾನ್ ಅದರ ಕಡೆ ತಿರುಗಿಸಿ. ಎರಡನೆಯದು ಕೇಬಲ್ (9211, 9207ಕ್ಕೆ; 9300ರ ಪ್ಲಗ್ ಬೇರೆ). ಒಂದು ತುದಿಯಲ್ಲಿ ಅಗಲದ ಎಸ್‌ಎಫ್‌ಎಫ್-8087 ಪ್ಲಗ್, ಇನ್ನೊಂದು ತುದಿಯಲ್ಲಿ ನಾಲ್ಕು ಸಾಟಾ ಪ್ಲಗ್ ಇರುವ ಕೇಬಲ್ ಎರಡು ಥರ ಬರುತ್ತದೆ, ಫಾರ್ವರ್ಡ್ ಮತ್ತು ರಿವರ್ಸ್. ನೋಡಲು ಒಂದೇ. ಕಾರ್ಡ್‌ನಿಂದ ಡಿಸ್ಕ್‌ಗಳಿಗೆ ಹೋಗಲು ಫಾರ್ವರ್ಡ್ ಬೇಕು; ರಿವರ್ಸ್ ತಂದರೆ ಒಂದು ಡಿಸ್ಕೂ ಕಾಣಿಸುವುದಿಲ್ಲ, ನೀವು ಕಾರ್ಡೇ ಹಾಳು ಅಂದುಕೊಳ್ಳುತ್ತೀರಿ.

ಪ್ರಶ್ನೆ: ಟಿ20ಗೆ ಅಂತ ಅಗ್ಗದಲ್ಲಿ 16 ಜಿಬಿಯ ಇಸಿಸಿ ರ‍್ಯಾಮ್ ಕೊಂಡೆ. ಸ್ಲಾಟ್‌ನಲ್ಲಿ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಶುರುವಾಗುವುದಿಲ್ಲ. ರ‍್ಯಾಮ್ ಹಾಳಾಗಿದೆಯಾ?

ಉತ್ತರ: ಹಾಳಾಗಿರಲಿಕ್ಕಿಲ್ಲ. ಕಡ್ಡಿಯ ಮೇಲಿನ ಚೀಟಿ ಓದಿ. ಪಿಸಿ3ಎಲ್-12800 ಥರದ ಸಂಖ್ಯೆಯ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಆರ್ ಇದ್ದರೆ ರಿಜಿಸ್ಟರ್ಡ್ (ನಡುವೆ ಬಫರ್ ಚಿಪ್ ಇರುವುದು), ಇ ಇದ್ದರೆ ಬಫರ್ ಇಲ್ಲದ ಇಸಿಸಿ, ಯು ಇದ್ದರೆ ಇಸಿಸಿ ಇಲ್ಲದ ಸಾದಾ ರ‍್ಯಾಮ್. ಝಿಯಾನ್ ಇ3 ಕುಟುಂಬದ ಟಿ20 ಥರದ ಯಂತ್ರಗಳಿಗೆ ಇ ಬೇಕು. ಆರ್ ಕೇಳುವುದು ಇ5 ಕುಟುಂಬದ ದೊಡ್ಡ ಸರ್ವರ್‌ಗಳು. ದೊಡ್ಡ ಸರ್ವರ್‌ಗಳಿಂದ ಆರ್ ರ‍್ಯಾಮ್ ರಾಶಿ ರಾಶಿ ಬರುತ್ತದೆ, ಹಾಗಾಗಿ ಅದು ಅಷ್ಟು ಅಗ್ಗ. ಇ ಸ್ವಲ್ಪ ದುಬಾರಿ. ನಿಮ್ಮ ಕಡ್ಡಿ ಆರ್ ಆಗಿರುತ್ತದೆ, ವಾಪಸ್ ಕೊಡಿ.

ಇನ್ನೂ ಒಬ್ಬರು ಕೇಳಿದ್ದಾರೆ, ಇಸಿಸಿ ಇಲ್ಲದೆ ಝೆಡ್‌ಎಫ್‌ಎಸ್ ಬಳಸಲೇಬಾರದಾ ಅಂತ. ಬಳಸಬಹುದು. ರ‍್ಯಾಮ್‌ನಲ್ಲಿ ಬಿಟ್ ತಿರುಗಿದರೆ ಯಾವ ಫೈಲ್ ಸಿಸ್ಟಂಗಾದರೂ ಕೆಟ್ಟದ್ದೇ, ಝೆಡ್‌ಎಫ್‌ಎಸ್‌ಗೆ ವಿಶೇಷ ಶಾಪ ಏನಿಲ್ಲ. ಹೇಗೂ ಸರ್ವರ್ ಜಾತಿಯ ಪೆಟ್ಟಿಗೆ ಕೊಳ್ಳುತ್ತಿದ್ದೀರಿ ಅಂದರೆ ಇಸಿಸಿ ಇರಲಿ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೇ ಬೇಕು ಅನ್ನುವ ಮಾತನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಮನೆ ಬಳಕೆಗೆ 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, 16 ಇದ್ದರೆ ಆರಾಮ. ಡಿಡ್ಯೂಪ್ (ಒಂದೇ ಥರದ ಡೇಟಾವನ್ನು ಒಂದೇ ಸಲ ಇಡುವ ಸೌಲಭ್ಯ) ಆನ್ ಮಾಡಬೇಡಿ, ಅಷ್ಟೇ.

ಪ್ರಶ್ನೆ: ಬಳಸಿದ 8 ಟಿಬಿ ಡಿಸ್ಕ್ ಮಾರುತ್ತಿರುವವರು 300 ಗಂಟೆ ಮಾತ್ರ ಓಡಿದೆ ಅನ್ನುತ್ತಾರೆ. ನಂಬಬಹುದಾ?

ಉತ್ತರ: ಮಾತನ್ನು ನಂಬಬೇಡಿ, ಡಿಸ್ಕನ್ನು ಕೇಳಿ. ಹಣ ಕೊಡುವ ಮೊದಲು ಡಿಸ್ಕ್‌ನ ಆರೋಗ್ಯದ ವರದಿ ಕೊಡುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಯ ಪೂರ್ತಿ ಔಟ್‌ಪುಟ್ ಕಳಿಸಲು ಹೇಳಿ. ಸಾಟಾ ಡಿಸ್ಕ್ ಆದರೆ ಅದರಲ್ಲಿ 5, 197, 198 ಸಂಖ್ಯೆಯ ಸಾಲುಗಳನ್ನು ನೋಡಿ. 5 ಅಂದರೆ ಹಾಳಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, 197 ಅಂದರೆ ಓದಲಾಗದೆ ಅನುಮಾನದಲ್ಲಿರುವವು, 198 ಅಂದರೆ ಪರೀಕ್ಷೆಯಲ್ಲಿ ಕೈಕೊಟ್ಟವು. ಮೂರರ ಕೊನೆಯ ಕಾಲಂ ಕೂಡ ಸೊನ್ನೆ ಇರಬೇಕು. 199ರಲ್ಲಿ ಏನಾದರೂ ಇದ್ದರೆ ಅದು ಹೆಚ್ಚಾಗಿ ಕೇಬಲ್‌ನ ದೋಷ, ಹೆದರಬೇಡಿ. 9ನೇ ಸಾಲಿನಲ್ಲಿ ಓಡಿದ ಗಂಟೆ ಇರುತ್ತದೆ. ವರ್ಷಕ್ಕೆ 8,760 ಗಂಟೆ, ಹಾಗಾಗಿ 40,000 ಕಂಡರೆ ನಾಲ್ಕೂವರೆ ವರ್ಷ ನಿಲ್ಲದೆ ಓಡಿದೆ ಅಂತ. ಅಷ್ಟು ಓಡಿದ್ದರೂ ಮೇಲಿನ ಮೂರು ಸೊನ್ನೆ ಇದ್ದು ಬೆಲೆ ಸರಿಯಿದ್ದರೆ ನಾನು ಕೊಳ್ಳುತ್ತೇನೆ. 300 ಗಂಟೆ ಓಡಿ 197ರಲ್ಲಿ 8 ಇದ್ದರೆ ಮುಟ್ಟುವುದಿಲ್ಲ.

ಆದರೆ ಈ ಗಂಟೆಯ ಲೆಕ್ಕವನ್ನು ಅಳಿಸಿ ಸೊನ್ನೆ ಮಾಡುವವರಿದ್ದಾರೆ. 2025ರ ಆರಂಭದಲ್ಲಿ ಹೀಗೆ ಅಳಿಸಿದ ಬಳಸಿದ ಸೀಗೇಟ್ ಡಿಸ್ಕ್‌ಗಳು ಹೊಸದೆಂದು ಮಾರಾಟವಾದದ್ದು ದೊಡ್ಡ ಸುದ್ದಿಯಾಯಿತು. ಅದು ಸಿಕ್ಕಿಬಿದ್ದದ್ದು ಸೀಗೇಟ್ ಡಿಸ್ಕ್‌ಗಳು ಬೇರೆಯಾಗಿ ಇಟ್ಟುಕೊಳ್ಳುವ ಫಾರ್ಮ್ ಎಂಬ ಇನ್ನೊಂದು ದಾಖಲೆಯಿಂದ. ಸ್ಮಾರ್ಟ್‌ಸಿಟಿಎಲ್ ಬರುವ ಸ್ಮಾರ್ಟ್‌ಮಾನ್‌ಟೂಲ್ಸ್ 7.4ರಿಂದ ಮುಂದಿನ ಆವೃತ್ತಿಗಳು ಅದನ್ನು ಓದುತ್ತವೆ. ಎರಡೂ ಕಡೆಯ ಗಂಟೆ ಹೋಲಿಸಿ. ಒಂದು ಕಡೆ 300, ಇನ್ನೊಂದು ಕಡೆ 25,000 ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಬೇರೆ ಕಂಪನಿಯ ಡಿಸ್ಕ್‌ನಲ್ಲಿ ಈ ಅನುಕೂಲ ಇಲ್ಲ. ಸ್ಕ್ರೂ ತೂತುಗಳ ಸುತ್ತ ಕ್ಯಾಡಿಗೆ ಉಜ್ಜಿದ ಗೆರೆ ಇದೆಯಾ, ಕನೆಕ್ಟರ್‌ನ ಚಿನ್ನದ ಬಣ್ಣದ ಮೇಲೆ ಗೀರು ಇದೆಯಾ, ತಯಾರಾದ ತಿಂಗಳಿಗೂ ಹೇಳಿದ ಗಂಟೆಗೂ ತಾಳೆ ಆಗುತ್ತಾ, ಇಷ್ಟು ನೋಡಿ.

ಮನೆಗೆ ತಂದ ಮೇಲೆ ಡೇಟಾ ಹಾಕುವ ಮೊದಲು ಉಜ್ಜಿ ಪರೀಕ್ಷೆ ಮಾಡಿ. ಮೊದಲು ಡಿಸ್ಕ್‌ನ ದೀರ್ಘ ಸ್ವಯಂ ಪರೀಕ್ಷೆ, 8 ಟಿಬಿಗೆ ಅರ್ಧ ದಿನದ ಮೇಲೆ ಹಿಡಿಯುತ್ತದೆ. ಆಮೇಲೆ ಬ್ಯಾಡ್‌ಬ್ಲಾಕ್ಸ್ ಎಂಬ ಲಿನಕ್ಸ್ ಆಜ್ಞೆಯ ಬರೆಯುವ ಪರೀಕ್ಷೆ. ಅದು ನಾಲ್ಕು ಬೇರೆ ಬೇರೆ ಮಾದರಿಗಳನ್ನು ಇಡೀ ಡಿಸ್ಕ್‌ಗೆ ಬರೆದು ವಾಪಸ್ ಓದುತ್ತದೆ, ಅಂದರೆ ಎಂಟು ಸುತ್ತು, ಐದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಮುಗಿದ ಮೇಲೆ ಮತ್ತೆ 5, 197, 198 ನೋಡಿ. ಸಾಯುವ ಡಿಸ್ಕ್ ಇಲ್ಲೇ ಸಾಯಲಿ, ವಾಪಸ್ ಕೊಡುವ ಗಡುವಿನ ಒಳಗೆ.

ಮಾದರಿ ಸಂಖ್ಯೆಯನ್ನೂ ಒಮ್ಮೆ ಹುಡುಕಿ, ಅದು ಎಸ್‌ಎಂಆರ್ ಆಗಿದ್ದರೆ ಬೇಡ. ಟ್ರ್ಯಾಕ್‌ಗಳು ಒಂದರ ಮೇಲೊಂದು ಹಂಚಿನಂತೆ ಕೂತಿರುವ ಈ ಡಿಸ್ಕ್‌ಗಳಲ್ಲಿ ನಿರಂತರ ಬರವಣಿಗೆ ತೆವಳುತ್ತದೆ. ರೇಡ್‌ನಲ್ಲಿ ಡಿಸ್ಕ್ ಬದಲಿಸುವಾಗ ಬೇಕಾಗುವುದು ಅದೇ ನಿರಂತರ ಬರವಣಿಗೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ಗದ್ದಲ ಆಗಿತ್ತು. ಆಮೇಲೆ ಎಸ್‌ಎಂಆರ್ ಅಲ್ಲದವಕ್ಕೆ ರೆಡ್ ಪ್ಲಸ್ ಅಂತ ಹೆಸರಿಟ್ಟರು.

ಪ್ರಶ್ನೆ: ಎಸ್‌ಎಎಸ್ (ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸುವ ವಿಧಾನ) ಡಿಸ್ಕ್‌ಗಳು ಸಾಟಾ ಡಿಸ್ಕ್‌ಗಿಂತ ಅರ್ಧ ಬೆಲೆಗೆ ಸಿಗುತ್ತಿವೆ. ಯಾಕೆ ಕೊಳ್ಳಬಾರದು?

ಉತ್ತರ: ಎಚ್‌ಬಿಎ ಇದ್ದರೆ ಕೊಳ್ಳಿ, ಒಳ್ಳೆಯ ಡಿಸ್ಕ್‌ಗಳೇ. ಎಸ್‌ಎಎಸ್ ಕಾರ್ಡ್‌ಗೆ ಸಾಟಾ ಡಿಸ್ಕ್ ಹಾಕಬಹುದು, ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗೆ ಎಸ್‌ಎಎಸ್ ಡಿಸ್ಕ್ ಹಾಕಲಾಗದು, ಪ್ಲಗ್ಗೇ ಕೂರುವುದಿಲ್ಲ. ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಕಿತ್ತ ಡಿಸ್ಕ್ ಆದರೆ ಸೆಕ್ಟರ್ 512ರ ಬದಲು 520 ಬೈಟ್ ಇರಬಹುದು. ನೆಟ್‌ಆ್ಯಪ್, ಇಎಂಸಿ ಹೆಸರಿನ ಚೀಟಿ ಕಂಡರೆ ಇದನ್ನೇ ಅನುಮಾನಿಸಿ. ಡಿಸ್ಕ್ ಕಾಣುತ್ತದೆ, ಗಾತ್ರ ಸೊನ್ನೆ ಅಂತಲೋ ಏನೋ ತೋರಿಸುತ್ತದೆ, ಬಳಸಲು ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಎಸ್‌ಜಿ ಫಾರ್ಮ್ಯಾಟ್ ಎಂಬ ಆಜ್ಞೆಯಿಂದ 512ಕ್ಕೆ ತರಬಹುದು. ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯದಲ್ಲಿ ಕರೆಂಟು ಹೋಗಬಾರದು. ಈ ಡಿಸ್ಕ್‌ಗಳಲ್ಲಿ ಸಾಟಾದ 5, 197 ಇಲ್ಲ. ಗ್ರೋನ್ ಡಿಫೆಕ್ಟ್ ಎಂಬ ಸಾಲು ನೋಡಿ, ಅದೂ ಸೊನ್ನೆ ಇರಲಿ.

ಪ್ರಶ್ನೆ: ಡೇಟಾ ಸೆಂಟರ್‌ನಿಂದ ಬಂದ ಡಿಸ್ಕ್ ನನ್ನ ಪೆಟ್ಟಿಗೆಯಲ್ಲಿ ತಿರುಗುವುದೇ ಇಲ್ಲ, ಗೆಳೆಯನ ಯುಎಸ್‌ಬಿ ಡಾಕ್‌ನಲ್ಲಿ ಚೆನ್ನಾಗಿದೆ. ಏನು ಮಾಯೆ?

ಉತ್ತರ: ಪವರ್ ಕನೆಕ್ಟರ್‌ನ ಮೂರನೇ ಪಿನ್. ಹೊಸ ಸಾಟಾ ನಿಯಮದಲ್ಲಿ ಆ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಮಲಗಿರಬೇಕು ಅಂತ ಅರ್ಥ. ಹಳೇ ಪವರ್ ಸಪ್ಲೈಗಳು ಅಲ್ಲಿ ಯಾವಾಗಲೂ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ. ಡಿಸ್ಕ್‌ನ ಕಡೆ ಮೊದಲ ಮೂರು ಪಿನ್‌ಗಳ ಮೇಲೆ ಸಣ್ಣದಾಗಿ ಕತ್ತರಿಸಿದ ಕ್ಯಾಪ್ಟಾನ್ ಟೇಪ್ (ಕರೆಂಟು ಹರಿಯದ, ಬಿಸಿ ತಡೆಯುವ ಟೇಪ್) ಅಂಟಿಸಿ, ಏಳುತ್ತದೆ. ಮೋಲೆಕ್ಸ್ ಎಂಬ ನಾಲ್ಕು ಪಿನ್ನಿನ ಹಳೇ ಪವರ್ ಪ್ಲಗ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್‌ನಿಂದಲೂ ಆಗುತ್ತದೆ, ಏಕೆಂದರೆ ಮೋಲೆಕ್ಸ್‌ನಲ್ಲಿ 3.3 ವೋಲ್ಟೇ ಇಲ್ಲ. ಆದರೆ ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಅಡಾಪ್ಟರ್ ಬೇಡ, ಅವು ಒಳಗೇ ಶಾರ್ಟ್ ಆಗಿ ಸುಡುವುದಕ್ಕೆ ಹೆಸರುವಾಸಿ. ಪ್ರತಿ ತಂತಿಯೂ ಬೇರೆ ಬೇರೆಯಾಗಿ ಒಳಹೋಗುವುದು ಕಾಣುವಂಥದ್ದನ್ನು ತಗೊಳ್ಳಿ.

ಪ್ರಶ್ನೆ: ಎಚ್‌ಪಿ ಸರ್ವರ್‌ನ ಐಎಲ್‌ಒ ಪೋರ್ಟ್ ಬಳಸಿದರೆ ಮಾನಿಟರ್ ಇಲ್ಲದೆ ಎಲ್ಲಿಂದ ಬೇಕಾದರೂ ನಿಭಾಯಿಸಬಹುದಂತೆ. ಇಂಟರ್ನೆಟ್‌ಗೆ ತೆರೆದಿಡಲಾ?

ಉತ್ತರ: ಮನೆಯೊಳಗೆ ಧಾರಾಳವಾಗಿ ಬಳಸಿ, ಹೊರಗೆ ತೆರೆಯಲೇಬೇಡಿ. 2017ರಲ್ಲಿ ಐಎಲ್‌ಒ 4ರಲ್ಲಿ ಸಿಕ್ಕ ಒಂದು ದೋಷ ಹೇಗಿತ್ತೆಂದರೆ, ಒಂದು ಎಚ್‌ಟಿಟಿಪಿ ಹೆಡರ್‌ನಲ್ಲಿ ಎ ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿತ್ತು. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಹಳೇ ಫರ್ಮ್‌ವೇರೇ ಇರುವ ಸಾಧ್ಯತೆ ಜಾಸ್ತಿ. ಕೊಂಡ ದಿನವೇ ಅದನ್ನು ಮೂಲ ಸ್ಥಿತಿಗೆ ತಂದು, ಪಾಸ್‌ವರ್ಡ್ ಬದಲಿಸಿ, ಸಿಗುವ ಹೊಸ ಫರ್ಮ್‌ವೇರ್ ಹಾಕಿ. ಎಚ್‌ಪಿ 2014ರಿಂದ ಸರ್ವರ್‌ಗಳ ಬಯಾಸ್ ಅಪ್‌ಡೇಟ್‌ಗಳನ್ನು ವಾರಂಟಿ ಅಥವಾ ಸಪೋರ್ಟ್ ಒಪ್ಪಂದ ಇದ್ದವರಿಗೆ ಸೀಮಿತ ಮಾಡಿತು, ಡೆಲ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ಎರಡರಲ್ಲಿ ಯಾವುದು ಅಂತ ತೂಗುತ್ತಿದ್ದರೆ ಇದೂ ಲೆಕ್ಕಕ್ಕೆ ಬರಲಿ.

ಪ್ರಶ್ನೆ: 6 ಟಿಬಿ ಡೇಟಾಗೆ ನಾಲ್ಕು 4 ಟಿಬಿ ಡಿಸ್ಕ್ ಹಾಕಿ ರೇಡ್-ಝೆಡ್1 (ಒಂದು ಡಿಸ್ಕ್ ಸತ್ತರೂ ತಡೆಯುವ ಝೆಡ್‌ಎಫ್‌ಎಸ್ ಜೋಡಣೆ) ಮಾಡಿದರೆ ಬ್ಯಾಕಪ್ ಬೇಕಾಗಿಲ್ಲ ಅಲ್ವಾ?

ಉತ್ತರ: ಬೇಕು. ಒಂದು ಡಿಸ್ಕ್ ಸತ್ತಾಗ ಯಂತ್ರ ನಿಲ್ಲದಂತೆ ರೇಡ್ ನೋಡಿಕೊಳ್ಳುತ್ತದೆ, ಅಷ್ಟೇ. ನೀವೇ ತಪ್ಪಿ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕ್‌ಗಳಿಂದ ಒಟ್ಟಿಗೆ ಅಳಿಸಿಕೊಡುತ್ತದೆ. ಪವರ್ ಸಪ್ಲೈ ಕೆಟ್ಟು ಹೆಚ್ಚು ವೋಲ್ಟೇಜ್ ಹರಿಸಿದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ. ಬಳಸಿದ ಡಿಸ್ಕ್‌ಗಳಲ್ಲಿ ಇನ್ನೊಂದು ಅಪಾಯ: ಒಂದೇ ಕಡೆಯಿಂದ ಬಂದ, ಒಂದೇ ಬ್ಯಾಚಿನ, ಒಂದೇ ಅಷ್ಟು ಗಂಟೆ ಓಡಿದ ಡಿಸ್ಕ್‌ಗಳು ಹತ್ತಿರ ಹತ್ತಿರದಲ್ಲೇ ಕೈಕೊಡಬಹುದು. ಒಂದನ್ನು ಬದಲಿಸುವಾಗ ಉಳಿದವು ಇಡೀ ದಿನ ಮೈಮುರಿದು ದುಡಿಯುತ್ತವೆ, ಎರಡನೆಯದು ಬೀಳುವುದು ಆಗಲೇ.

ನಿಮ್ಮ ಜಾಗದಲ್ಲಿ ನಾನಾದರೆ 10 ಅಥವಾ 12 ಟಿಬಿಯ ಮೂರು ಡಿಸ್ಕ್ ಕೊಳ್ಳುತ್ತೇನೆ, ಸಾಧ್ಯವಾದರೆ ಬೇರೆ ಬೇರೆ ಕಡೆಯಿಂದ. ಎರಡು ಮಿರರ್‌ನಲ್ಲಿ, ಅಂದರೆ ಎರಡರಲ್ಲೂ ಅದೇ ಡೇಟಾ. ಮೂರನೆಯದು ಯುಎಸ್‌ಬಿ ಪೆಟ್ಟಿಗೆಯಲ್ಲಿ, ವಾರಕ್ಕೊಮ್ಮೆ ನಕಲು ಮಾಡಿ ಕಿತ್ತು ಬೇರೆ ಮನೆಯಲ್ಲಿಡುವುದಕ್ಕೆ. ನಾಲ್ಕು ಸಣ್ಣ ಡಿಸ್ಕ್‌ಗಿಂತ ಎರಡು ದೊಡ್ಡವು ಕರೆಂಟು ಕಮ್ಮಿ ಎಳೆಯುತ್ತವೆ, ಎರಡು ಬೇ ಖಾಲಿ ಉಳಿಯುತ್ತವೆ, ಮುಂದೆ ಜಾಗ ಸಾಲದಿದ್ದರೆ ಇನ್ನೊಂದು ಜೋಡಿ ಸೇರಿಸಬಹುದು. ರೇಡ್-ಝೆಡ್‌ಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ ಓಪನ್‌ಝೆಡ್‌ಎಫ್‌ಎಸ್ 2.3ರಲ್ಲಿ ಬಂದಿದೆ ನಿಜ, ಆದರೂ ಇಷ್ಟು ಸಣ್ಣ ಸಂಗ್ರಹಕ್ಕೆ ಮಿರರ್ ಸರಳ.

ಪ್ರಶ್ನೆ: ಹಳೇ 10 ಗಿಗಾಬಿಟ್ ಕಾರ್ಡ್‌ಗಳು ಅಗ್ಗವಾಗಿವೆ. ಹಾಕಲಾ?

ಉತ್ತರ: ಫೋಟೊ ನೋಡಲು, ಸಿನಿಮಾ ನೋಡಲು ಗಿಗಾಬಿಟ್ ಸಾಕು. ದೊಡ್ಡ ವಿಡಿಯೊ ಫೈಲ್‌ಗಳನ್ನು ನೇರ ಸರ್ವರ್‌ನಿಂದಲೇ ಎಡಿಟ್ ಮಾಡುವವರಾದರೆ ಇಂಟೆಲ್ ಎಕ್ಸ್520 ಅಥವಾ ಮೆಲನಾಕ್ಸ್ ಕನೆಕ್ಟ್ಎಕ್ಸ್-3 ಎರಡು ಕೊಂಡು, ಸ್ವಿಚ್ ಇಲ್ಲದೆ ಸರ್ವರ್ ಮತ್ತು ಎಡಿಟಿಂಗ್ ಕಂಪ್ಯೂಟರ್ ನಡುವೆ ಒಂದು ಡಿಎಸಿ (ಎರಡೂ ತುದಿಗೆ ಪ್ಲಗ್ ಕೂಡಿಸಿಯೇ ಬರುವ ತಾಮ್ರದ) ಕೇಬಲ್ ಎಳೆಯಿರಿ. ಎಕ್ಸ್520ಗೆ ಕಂಡಕಂಡ ಕಂಪನಿಯ ಆಪ್ಟಿಕಲ್ ಮಾಡ್ಯೂಲ್ ಆಗಿಬರುವುದಿಲ್ಲ, ಮೆಲನಾಕ್ಸ್ ಅಷ್ಟು ಹಟಮಾರಿ ಅಲ್ಲ. ಈ ಕಾರ್ಡ್‌ಗಳಿಗೂ ಎಚ್‌ಬಿಎಗೆ ಕೊಟ್ಟ ಹಾಗೆ ಗಾಳಿ ಕೊಡಬೇಕು.